ವಕೀಲರ ಕೋಟಿನ ತೂತು

ರಫೂಗಾರ ಎಂದರೆ ಹರಿದ ಬಟ್ಟೆಗೆ ತೇಪೆ ಹಾಕುವವನಲ್ಲ. ಯಾರಾದರೂ ಬಾಯಿತಪ್ಪಿ ಹಾಗಂದರೆ ಅವನು ಮೂರು ದಿನ ಅವರೊಂದಿಗೆ ಮಾತು ಬಿಡುತ್ತಿದ್ದ. ತೇಪೆಯವನು ತೂತಿನ ಮೇಲೆ ಇನ್ನೊಂದು ಬಟ್ಟೆ ಕೂರಿಸಿ ಕೈತೊಳೆದುಕೊಳ್ಳುತ್ತಾನೆ. ರಫೂಗಾರ ಅದೇ ಬಟ್ಟೆಯ ಒಳಅಂಚಿನಿಂದ ಎಳೆ ಬಿಡಿಸಿ, ಆ ಎಳೆಯಿಂದಲೇ ತೂತಿನ ಮೇಲೆ ಅಡ್ಡಡ್ಡ ಉದ್ದುದ್ದ ನೇಯ್ದು, ಗಿರಾಕಿಯ ಕೈಗೆ ಕೊಟ್ಟು, "ಎಲ್ಲಿತ್ತು ತೂತು, ತೋರಿಸಿ ನೋಡೋಣ" ಎನ್ನುತ್ತಾನೆ. ಗಿರಾಕಿ ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು, ಹುಡುಕಿ ಸೋಲಬೇಕು. ಆ ಸೋಲು ನೋಡುವುದೇ ನಮ್ಮ ರಫೂಗಾರನ ನಿಜವಾದ ಸಂಬಳ. ಕೈಗೆ ಬರುತ್ತಿದ್ದುದು ಬರೀ ಖರ್ಚಿಗೆ.

ಇಪ್ಪತ್ತಾರು ವರ್ಷ ಅವನು ಒಂದೇ ಲಾಂಡ್ರಿಯಲ್ಲಿ, ಇಸ್ತ್ರಿ ಮೇಜಿಗೂ ಗೋಡೆಗೂ ನಡುವಿನ ಸಂದಿಯಲ್ಲಿ, ಒಂದು ಮೋಟು ಸ್ಟೂಲಿನ ಮೇಲೆ ಕೂತಿದ್ದ. ಮಲಗುವುದು ಅದೇ ಅಂಗಡಿಯ ಅಟ್ಟದಲ್ಲಿ. ಮದುವೆಯ ಮಾತು ಎರಡು ಸಲ ಬಂದಿತ್ತು. ಎರಡು ಸಲವೂ ಅವನು ಹುಡುಗಿಯ ಮುಖಕ್ಕಿಂತ ಹೆಚ್ಚಾಗಿ ಅವಳಪ್ಪನ ಕೋಟಿನ ಮೊಣಕೈ ನೋಡಿ ಬಂದಿದ್ದರಿಂದ ಮಾತು ಅಲ್ಲಿಗೇ ನಿಂತಿತು. ಇದಕ್ಕಾಗಿ ಅವನೇನೂ ಕೊರಗಿದವನಲ್ಲ.

ಕೊರಗಲು ಕಾರಣವೇ ಇರಲಿಲ್ಲ, ತೊಡಕಾದದ್ದೂ ಅದೇ. ಯಾರೂ ಸತ್ತಿರಲಿಲ್ಲ, ಯಾರೂ ಮೋಸ ಮಾಡಿರಲಿಲ್ಲ. ಒಂದು ಬೆಳಗ್ಗೆ ಸೂಜಿಗೆ ದಾರ ಪೋಣಿಸಲು ಕೂತವನು ಮಧ್ಯಾಹ್ನದವರೆಗೂ ಹಾಗೇ ಕೂತಿದ್ದ. ಕಣ್ಣಿಗೇನೂ ಆಗಿರಲಿಲ್ಲ. ಒಂದು ಕೈಯಲ್ಲಿ ಸೂಜಿ ಇತ್ತು, ಇನ್ನೊಂದರಲ್ಲಿ ದಾರ ಇತ್ತು, ಎರಡಕ್ಕೂ ಏನು ಸಂಬಂಧ ಎಂಬುದು ಮಾತ್ರ ಹೊಳೆಯುತ್ತಿರಲಿಲ್ಲ. ಯಾರದೋ ಬೂದು ಕೋಟು ಹನ್ನೊಂದು ದಿನ ಅವನ ತೊಡೆಯ ಮೇಲೆ ಬಿದ್ದುಕೊಂಡಿತ್ತು. ಲಾಂಡ್ರಿಯ ಯಜಮಾನ ಮೊದಲು ತಮಾಷೆ ಮಾಡಿದ, ಆಮೇಲೆ ಗದರಿದ, ಆಮೇಲೆ ಸುಮ್ಮನಾದ. ಅಷ್ಟರಲ್ಲಿ ಯಜಮಾನನ ಮಕ್ಕಳು ಅಂಗಡಿಯನ್ನೇ ಮಾರಿದರು. ಕೊಂಡವರು ಮೊಬೈಲ್ ಅಂಗಡಿ ಇಟ್ಟರು. ಅವರಿಗೆ ಅಟ್ಟವೂ ಬೇಕಿರಲಿಲ್ಲ, ಅದರಲ್ಲಿದ್ದವನೂ ಬೇಕಿರಲಿಲ್ಲ.

ತಂಗಿಯ ಮನೆಗೆ ಹೋದ. ಎರಡು ಕೋಣೆ, ತಂಗಿ, ಅವಳ ಗಂಡ, ಇಬ್ಬರು ಹೆಣ್ಣುಮಕ್ಕಳು, ಅವಳ ಅತ್ತೆ. ಉಳಿದದ್ದು ಬಚ್ಚಲಿಗೆ ಹೋಗುವ ಓಣಿಯಂಥ ಜಾಗ. ಅಲ್ಲಿ ಅವನು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಮನೆಯವರೆಲ್ಲ ಅವನನ್ನು ದಾಟಿಯೇ ಮುಖ ತೊಳೆಯಲು ಹೋಗಬೇಕು. ಅತ್ತೆ ದಾಟುವಾಗ ಪ್ರತಿ ಸಲವೂ, ಎದ್ದಿಲ್ಲವೇ ಇನ್ನೂ, ಎಂದು ಬಚ್ಚಲಿನ ಬಾಗಿಲನ್ನು ಕೇಳುತ್ತಿದ್ದರು. ಹೊರಡು ಅಂತ ಯಾರೂ ಅನ್ನಲಿಲ್ಲ. ಇಪ್ಪತ್ತು ದಿನವಾದ ಮೇಲೆ ಅವನೇ ಎದ್ದು ಅಂಗಿ ಕೊಡವಿ, ಕೆಲಸ ಸಿಕ್ಕಿದೆ, ರೂಮೂ ಕೊಟ್ಟಿದ್ದಾರೆ ಎಂದು ತಂಗಿಗೆ ಹೇಳಿ ಹೊರಟುಬಿಟ್ಟ. ಆ ಕೆಲಸವೂ ರೂಮೂ ಸೇರಿ ಬಸ್ ನಿಲ್ದಾಣದ ಕೊನೆಯ ಬೆಂಚಾಗಿತ್ತು. ಭಾನುವಾರ ಯಾರದಾದರೂ ಫೋನು ಬೇಡಿ ತಂಗಿಗೆ ಮಾಡುತ್ತಿದ್ದ. ಕೈತುಂಬ ಕೆಲಸ ಕಣೇ ಎಂದು ನಗುತ್ತಿದ್ದ. ಫೋನು ಇಟ್ಟ ಮೇಲೆ ಆ ನಗುವಿನ ಆಯಾಸಕ್ಕೆ ಎರಡು ಗಂಟೆ ಏಳಲಾಗುತ್ತಿರಲಿಲ್ಲ.

ನಾಲ್ಕು ತಿಂಗಳ ಮೇಲೆ ನಿರಾಶ್ರಿತರ ತಂಗುದಾಣದಲ್ಲಿ ಮಂಚ ಸಿಕ್ಕಿತು. ನಲವತ್ತು ಮಂಚಗಳಲ್ಲಿ ಹದಿನೇಳನೆಯದು. ಹದಿನೆಂಟನೆಯದರಲ್ಲಿ ವಕೀಲರು.

ವಕೀಲರು ವಕೀಲರಲ್ಲ. ಯಾವುದೋ ಕಾಲದಲ್ಲಿ ಕೋರ್ಟಿನ ಕ್ಯಾಂಟೀನಿನಲ್ಲಿ ಲೋಟ ತೊಳೆಯುತ್ತಿದ್ದರಂತೆ. ಆದರೆ ಊರಿನ ಯಾವ ಕಚೇರಿಯ ಯಾವ ಕಿಟಕಿಯಲ್ಲಿ ಯಾರು ಎಷ್ಟು ಹೊತ್ತಿಗೆ ಎದ್ದು ಚಹಾಕ್ಕೆ ಹೋಗುತ್ತಾರೆ ಎಂಬುದು ಅವರಿಗೆ ಬಾಯಿಪಾಠ. ಅವರ ಆಸ್ತಿ ಒಂದು ಕಪ್ಪು ಕೋಟು. ಅದರ ಎದೆಯ ಮೇಲೆ, ಸರಿಯಾಗಿ ಹೃದಯದ ಜಾಗದಲ್ಲಿ, ಅಂಗೈಯಗಲದ ತೂತು. ಆ ತೂತನ್ನು ನೋಡಿದ ಯಾವ ಗುಮಾಸ್ತನೂ ಅವರನ್ನು ನಾಳೆ ಬಾ ಅಂದಿಲ್ಲವೆಂದು ಅವರ ಹೆಮ್ಮೆ.

ಹದಿನೇಳನೇ ಮಂಚದವನು ಬ್ರೆಡ್ಡನ್ನು ಕೈಯಲ್ಲಿ ಹಿಡಿದು ಅದು ಒಣಗುವವರೆಗೂ ಕೂರುವುದನ್ನು ವಕೀಲರು ಒಂದು ವಾರ ನೋಡಿದರು. ಆಮೇಲೆ, ಇದು ಸೋಮಾರಿತನವಲ್ಲ, ಕಾಯಿಲೆ, ಎಂದು ತೀರ್ಪು ಕೊಟ್ಟರು. ಕಾಯಿಲೆ ಅಂದಮೇಲೆ ಡಾಕ್ಟರು. ಮೊದಲು ಇಬ್ಬರೂ ದೊಡ್ಡ ಬೀದಿಯ ಮನೋವೈದ್ಯರಲ್ಲಿಗೆ ಹೋದರು. ಬೋರ್ಡಿನ ಮೇಲೆ ಡಾಕ್ಟರ ಹೆಸರಿಗಿಂತ ಅದರ ಹಿಂದಿನ ಪದವಿಗಳೇ ಉದ್ದವಿದ್ದವು. ಒಳಗಿನ ಹುಡುಗಿ ಹೇಳಿದ ಫೀಸನ್ನು ರಫೂಗಾರ ಮನಸ್ಸಿನಲ್ಲೇ ಕೋಟುಗಳಿಗೆ ಬದಲಾಯಿಸಿದ: ಹದಿನಾಲ್ಕು ಕೋಟು, ಅದೂ ಸಿಗರೇಟಿನಿಂದ ಸುಟ್ಟವು. ಒಂದಕ್ಕೇ ಹನ್ನೊಂದು ದಿನ ಕೂತು ಸೋತವನು ಅವನು. ಥ್ಯಾಂಕ್ಸ್ ಹೇಳಿ ಹೊರಬಂದ.

ತಂಗುದಾಣದಲ್ಲಿಯೂ ಚಿಕಿತ್ಸೆಗೇನೂ ಕೊರತೆ ಇರಲಿಲ್ಲ. ಪ್ರತಿ ಗುರುವಾರ ಒಬ್ಬರು ಮಹನೀಯರು ಬಂದು ಆನಂದದ ಬಗ್ಗೆ ಒಂದು ಗಂಟೆ ಮಾತಾಡಿ, ಸ್ವಂತ ಫೋಟೋ ಇರುವ ಪುಸ್ತಿಕೆ ಹಂಚಿ ಹೋಗುತ್ತಿದ್ದರು. ದಿನಾ ಬೆಳಗ್ಗೆ ಕನ್ನಡಿಯ ಮುಂದೆ ಐದು ನಿಮಿಷ ಮುಗುಳ್ನಗಬೇಕೆಂದು ಅದರಲ್ಲಿತ್ತು. ನಲವತ್ತು ಜನಕ್ಕೆ ಒಂದೇ ಕನ್ನಡಿ, ಏಳು ಗಂಟೆಗೆ ಎಲ್ಲರೂ ಹೊರಬೀಳಬೇಕು. ಲೆಕ್ಕದ ಪ್ರಕಾರ ಆನಂದವನ್ನು ನಸುಕಿನ ಮೂರು ನಲವತ್ತಕ್ಕೇ ಶುರುಮಾಡಬೇಕಾಗುತ್ತಿತ್ತು.

ಕೊನೆಗೆ ವಕೀಲರು ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗವನ್ನು ಪತ್ತೆ ಮಾಡಿದರು. ಮಂಗಳವಾರ ಮಾತ್ರ. ಡಾಕ್ಟರೂ ಮಾತ್ರೆಯೂ ಪುಕ್ಕಟೆ, ಆದರೆ ಹಸಿರು ಕಾರ್ಡ್ ಬೇಕು. ಕಾರ್ಡಿನ ಸಾಹೇಬರು ಮಾತಾಡಿಸಿ ನೋಡಿ, ತೀರಾ ಕೆಟ್ಟ ಸ್ಥಿತಿ ಅನ್ನಿಸಿದರೆ ಅವತ್ತೇ ಕೊಡುತ್ತಾರೆ. ಇಲ್ಲವಾದರೆ ಐದು ತಿಂಗಳ ಮೇಲಿನ ತಾರೀಕು.

ಐದು ತಿಂಗಳು ಎಂಬುದು ರಫೂಗಾರನಿಗೆ ಒಂದು ಗೋಡೆಯಂತೆ ಕಂಡಿತು. ಅದರ ಆಚೆ ತಾನು ಇರುತ್ತೇನೆಂದು ಅವನಿಗೆ ಅನ್ನಿಸಲಿಲ್ಲ. ಅದನ್ನು ವಕೀಲರಿಗೆ ಹೇಳಲೂ ಇಲ್ಲ.

ಸೋಮವಾರ ಇಡೀ ದಿನ ಅವನು ಉದ್ಯಾನದ ಬೆಂಚಿನಲ್ಲಿ ಕೂತು ಎಷ್ಟೋ ತಿಂಗಳ ಮೇಲೆ ಮೊದಲ ಸಲ ಸೂಜಿ ಹಿಡಿದ. ದೊಡ್ಡ ಆಸ್ಪತ್ರೆ, ನಾಲ್ಕು ಜನ ನೋಡುವ ಜಾಗ. ಹರಿದ ಅಂಗಿಯಲ್ಲಿ ಹೋಗುವುದೆಂದರೆ ರಫೂಗಾರನೊಬ್ಬ ತನ್ನ ಕಸುಬಿನ ಮುಖಕ್ಕೆ ತಾನೇ ಮಸಿ ಬಳಿದಂತೆ. ಬಗಲಿನ ಹರಕು, ಕಾಲರಿನ ಸವೆತ, ತೋಳಿನ ಎರಡು ತೂತು, ಒಂದೊಂದು ಹೊಲಿಗೆಗೂ ಬೆಟ್ಟ ಹತ್ತಿದಷ್ಟು ಉಸಿರು ಬೇಕಾಯಿತು. ಇದ್ದಬದ್ದ ಶಕ್ತಿಯೆಲ್ಲ ಆ ಅಂಗಿಗೇ ಸಂದಿತು. ಮರುದಿನ ಗಡ್ಡ ಹೆರೆದು, ತಲೆ ಬಾಚಿ, ಕಾರ್ಡಿನ ಸಾಹೇಬರ ಮುಂದೆ ಹೋಗಿ ಕೂತಾಗ ಅವನು ನಿವೃತ್ತ ಹೆಡ್‌ಮಾಸ್ತರರ ಹಾಗೆ ಕಾಣುತ್ತಿದ್ದ.

ಸಾಹೇಬರಿಗೆ ಇಪ್ಪತ್ತೆರಡು ವರ್ಷದ ಸರ್ವಿಸು. ಮನುಷ್ಯ ಬಾಗಿಲು ದಾಟುವಷ್ಟರಲ್ಲಿ ಅವನ ಒಳಗೆಷ್ಟು ಹೊರಗೆಷ್ಟು ತೂಗಿಬಿಡುತ್ತೇನೆಂದು ಅವರು ಸಿಕ್ಕವರಿಗೆಲ್ಲ ಹೇಳುತ್ತಿದ್ದರು, ಸಿಗದವರಿಗೂ ಹೇಳಿಕಳಿಸುತ್ತಿದ್ದರು. ನಿದ್ದೆ ಬರುತ್ತದೆಯೇ ಎಂದು ಕೇಳಿದರು. ಬರುತ್ತೆ ಎಂದ. ಊಟ? ನಡೆಯುತ್ತೆ. ಮುಂದಿನ ಪ್ರಶ್ನೆಯನ್ನು ಸಾಹೇಬರು ಫಾರಂ ನೋಡುತ್ತಲೇ ಓದಿದರು.

"ಸಾಯಬೇಕು ಅನ್ಸುತ್ತಾ?"

ರಫೂಗಾರ ಹಿಂದಕ್ಕೆ ತಿರುಗಿ ನೋಡಿದ. ಸಾಲಿನಲ್ಲಿ ಒಂಬತ್ತು ಜನ ನಿಂತಿದ್ದರು. ಒಬ್ಬ ಹೆಂಗಸಿನ ಕಂಕುಳಲ್ಲಿ ಮಗು. "ಅಷ್ಟೇನಿಲ್ಲ ಸಾರ್" ಎಂದ. ಕೋಟಿನ ತೂತು ತೋರಿಸಿ ಗಾಬರಿಯಾದ ಗಿರಾಕಿಗೆ ಇಪ್ಪತ್ತಾರು ವರ್ಷ ಹೇಳುತ್ತಾ ಬಂದ ಮಾತೇ ಅದು.

ಸಾಹೇಬರು ಬರೆದರು: ಉಡುಪು ಅಚ್ಚುಕಟ್ಟು. ಮಾತು ಸರಿ. ತುರ್ತಿಲ್ಲ. ಐದು ತಿಂಗಳ ಮೇಲಿನ ತಾರೀಕು ಒತ್ತಿ ಚೀಟಿ ಕೊಟ್ಟರು.

ಸುದ್ದಿ ಕೇಳಿ ವಕೀಲರು ಮಂಚದ ಮೇಲೆ ಎದ್ದು ಕೂತರು. "ಅಲ್ಲಯ್ಯಾ ತಮ್ಮಾ, ನೀನು ಕಾಯಿಲೆಗೆ ಔಷಧಿ ಕೇಳಕ್ಕೆ ಹೋಗಿದ್ದೋ, ಇಲ್ಲಾ ಕಾಯಿಲೆಗೆ ಸಂಬಂಧ ಕುದುರಿಸಕ್ಕೆ ಹೋಗಿದ್ದೋ?"

ಮುಂದಿನ ವಾರ ಕೇಸನ್ನು ಮತ್ತೆ ತೆರೆಸುವುದೆಂದು ತೀರ್ಮಾನವಾಯಿತು. ವಕೀಲರು ಅವನಿಗೆ ಆರು ದಿನ ತರಬೇತಿ ಕೊಟ್ಟರು: ಕಣ್ಣು ಎತ್ತಬಾರದು, ಕೇಳಿದ್ದಕ್ಕೆ ಒಮ್ಮೆಗೇ ಉತ್ತರ ಕೊಡಬಾರದು, ಗಡ್ಡಕ್ಕೆ ಕೈ ಹಚ್ಚಕೂಡದು. ಈ ಗುಣಗಳೆಲ್ಲ ಶಿಷ್ಯನಲ್ಲಿ ಎಷ್ಟೋ ತಿಂಗಳಿಂದ ಇದ್ದವು. ಜನರೆದುರು ಬಂದಾಗ ಮಾತ್ರ ಹೆದರಿ ಓಡಿಹೋಗುತ್ತಿದ್ದವು. ಕೊನೆಗೆ ಮಂಗಳವಾರ ಬೆಳಗ್ಗೆ ವಕೀಲರು ತಮ್ಮ ಕೋಟನ್ನೇ ಬಿಚ್ಚಿ ಅವನಿಗೆ ತೊಡಿಸಿದರು. ಮಕ್ಕಳನ್ನು ಹಾಸ್ಟೆಲಿಗೆ ಬಿಡುವ ತಾಯಿಯ ಮುಖವಾಗಿತ್ತು ಅವರದು.

"ನೀನು ಬಾಯಿ ಬಿಡಬೇಡ. ತೂತು ಮಾತಾಡುತ್ತೆ."

ಆಸ್ಪತ್ರೆಯ ಓಣಿಯ ಬೆಂಚಿನಲ್ಲಿ ನಾಲ್ಕು ಗಂಟೆ ಕಾಯುವುದಿತ್ತು. ಎದುರುಗೋಡೆಯಲ್ಲಿ ಗಡಿಯಾರ ನಿಂತಿತ್ತು. ರಫೂಗಾರ ತಲೆ ತಗ್ಗಿಸಿದ. ತಗ್ಗಿಸಿದರೆ ಕಾಣುವುದು ತೂತೇ. ಒಳ್ಳೆಯ ಉಣ್ಣೆ, ಓರೆನೇಯ್ಗೆ, ಯಾರೋ ದಡ್ಡ ಹಿಂದೊಮ್ಮೆ ದಪ್ಪ ದಾರದಲ್ಲಿ ಸುತ್ತ ಬಿಗಿದು ಹಾಳು ಮಾಡಿದ್ದಾನೆ. ಅವನು ಆ ದಾರವನ್ನು ಮಾತ್ರ ಬಿಡಿಸೋಣವೆಂದುಕೊಂಡ. ಬಿಡಿಸಿದ. ಆಮೇಲೆ ಕೈ ತಾನಾಗಿಯೇ ಅಂಗಿಯ ಕಾಲರಿನಡಿಗೆ ಹೋಯಿತು. ಸೂಜಿ ಯಾವಾಗಲೂ ಅಲ್ಲಿರುತ್ತದೆ. ಕೋಟು ಬಿಚ್ಚಿ ತೊಡೆಯ ಮೇಲೆ ಹಾಕಿಕೊಂಡ. ಒಳಅಂಚಿನಿಂದ ಎಳೆ ತೆಗೆದ. ಮನಸ್ಸು ಎಲ್ಲೂ ಇರಲಿಲ್ಲ. ಬೆರಳು ಮಾತ್ರ ಎರಡು ಬಿಟ್ಟು ಎರಡು, ಎರಡು ಬಿಟ್ಟು ಎರಡು ಎಂದು ನಡೆಯುತ್ತಿತ್ತು.

ಓಣಿಯಲ್ಲಿ ಓಡಾಡುತ್ತಿದ್ದ ವಯಸ್ಸಾದ ನರ್ಸಮ್ಮ ಮೊದಲ ಸಲ ಹಾದುಹೋದಾಗ ಅಂಗೈಯಗಲದ ತೂತು ಕಂಡಿದ್ದರು. ಮೂರನೇ ಸಲ ಬಂದಾಗ ಅರ್ಧ ಇರಲಿಲ್ಲ. ಅವರು ಫೈಲುಗಳ ಸಮೇತ ಅವನ ಪಕ್ಕದಲ್ಲಿ ಕೂತರು.

"ಇಲ್ಲೊಂದು ತೂತಿತ್ತಲ್ಲ, ಏನಾಯ್ತು?"

ರಫೂಗಾರನಿಗೆ ಆಗ ಎಚ್ಚರವಾಯಿತು. ನೋಡುತ್ತಾನೆ, ಎರಡನೇ ಸಲವೂ ತನ್ನ ಕೈಯಾರೆ ತನ್ನ ಕೇಸನ್ನು ಹೊಲಿದು ಮುಚ್ಚುತ್ತಿದ್ದಾನೆ. ವಕೀಲರ ಮುಖ ನೆನಪಾಯಿತು. ಐದು ತಿಂಗಳು ನೆನಪಾಯಿತು. ಇಪ್ಪತ್ತಾರು ವರ್ಷ ಯಾವ ಗಿರಾಕಿಗೂ ತೋರಿಸದ್ದನ್ನು ಅವನು ತೋರಿಸಿದ: ಕೋಟನ್ನು ಮಗುಚಿ ಒಳಮಗ್ಗುಲು ಮೇಲೆ ಮಾಡಿದ. ಅಲ್ಲಿ ಎಳೆಯ ತುದಿಗಳು, ಗಂಟುಗಳು, ಸುತ್ತ ಹರಿದ ಅಂಚು, ಎಲ್ಲ ಹಾಗೇ ಇದ್ದವು.

"ಎಲ್ಲೂ ಹೋಗಿಲ್ಲಮ್ಮಾ, ಇಲ್ಲೇ ಇದೆ" ಎಂದ. ಸೂಜಿಯನ್ನು ಮತ್ತೆ ಕಾಲರಿನಡಿಗೆ ಸಿಕ್ಕಿಸಿದ. "ಹೋದ ವಾರ ಸಾರ್ ಒಂದು ಮಾತು ಕೇಳಿದ್ರು. ಸಾಯಬೇಕು ಅನ್ಸುತ್ತಾ ಅಂತ. ಅನ್ಸುತ್ತೆ. ದಿನಾ ಅನ್ಸುತ್ತೆ. ಹಿಂದೆ ಜನ ನಿಂತಿದ್ರು, ಹೇಳಕ್ಕೆ ನಾಚಿಕೆ ಆಯ್ತು."

ನರ್ಸಮ್ಮ ಕೋಟನ್ನು ಮಡಿಸಿ ತಮ್ಮ ಫೈಲುಗಳ ಮೇಲಿಟ್ಟುಕೊಂಡು, ಬನ್ನಿ ಎಂದು ಎದ್ದರು. ಸಾಲು ದಾಟಿ ಸೀದಾ ಸಾಹೇಬರ ಮೇಜಿಗೆ ಹೋಗಿ, ಬಾಗಿ, ತಗ್ಗಿದ ದನಿಯಲ್ಲಿ ಏನೋ ಹೇಳಿದರು. ಸಾಹೇಬರ ಮುಖ ಒಂದು ಕ್ಷಣ ಸಪ್ಪೆಯಾಯಿತು. ಆದರೆ ಇಪ್ಪತ್ತೆರಡು ವರ್ಷದ ಸರ್ವಿಸು ಸುಮ್ಮನೆ ಬಂದದ್ದಲ್ಲ. ಹಳೆಯ ಫಾರಂ ತೆಗೆದು, ತುರ್ತಿಲ್ಲ ಎಂಬುದನ್ನು ಹೊಡೆದುಹಾಕಿ, ಮೊದಲ ಭೇಟಿಯಲ್ಲೇ ಅನುಮಾನಿಸಿದಂತೆ ಸ್ಥಿತಿ ಗಂಭೀರ, ಎಂದು ಬರೆದು ಸಹಿ ಹಾಕಿದರು. ವಿಳಾಸದ ಜಾಗದಲ್ಲಿ ಪೆನ್ನು ನಿಂತಿತು. ರಫೂಗಾರನನ್ನು ಕೇಳಿ, ತಂಗುದಾಣ, ಮಂಚ ಹದಿನೇಳು ಎಂದು ನರ್ಸಮ್ಮನೇ ಬರೆಸಿದರು. ಹಸಿರು ಕಾರ್ಡ್ ಬಂತು.

ಡಾಕ್ಟರು ಚಿಕ್ಕ ವಯಸ್ಸಿನವಳು, ಆಕಳಿಕೆ ಅಡಗಿಸುತ್ತಾ ಹನ್ನೊಂದು ನಿಮಿಷ ಕೇಳಿದಳು. ಆದರೆ ಆ ಹನ್ನೊಂದು ನಿಮಿಷ ಅವನನ್ನೇ ನೋಡುತ್ತಾ ಕೇಳಿದಳು. ಸಾಯಬೇಕು ಅನ್ನಿಸುವುದು ಜೋರಾದರೆ ಮಂಗಳವಾರಕ್ಕೆ ಕಾಯಬೇಡಿ, ಯಾವ ದಿನ ಬೇಕಾದರೂ ಬನ್ನಿ ಎಂದು ಕಾರ್ಡಿನ ಹಿಂದೆ ಬರೆದುಕೊಟ್ಟಳು.

ವಕೀಲರು ಕಾರ್ಡನ್ನು ನೋಡಿ ತಾವೇ ಗೆದ್ದ ಕೇಸೆಂದು ಇಡೀ ತಂಗುದಾಣಕ್ಕೆ ಸಾರಿದರು. ಆಮೇಲೆ ಕೋಟು ನೋಡಿದರು. "ಹೊಟ್ಟೆ ಮೇಲೆ ಹೊಡೆದೆಯಲ್ಲಯ್ಯಾ, ಇಷ್ಟೇ ಇಷ್ಟು ತೂತು ಇಟ್ಕೊಂಡು ನಾನು ಯಾವ ಆಫೀಸಿಗೆ ಹೋಗಲಿ?" ಹೊಲಿಗೆ ಬಿಚ್ಚು ಎಂದು ಎರಡು ದಿನ ಬೆನ್ನು ಹತ್ತಿದರು. ತೂತು ಮಾಡುವುದನ್ನು ತಾನು ಕಲಿತಿಲ್ಲವೆಂದು ರಫೂಗಾರ ಗೋಡೆಯ ಕಡೆ ತಿರುಗಿದ. ಉಳಿದರ್ಧವನ್ನು ಮುಚ್ಚಬಾರದು ಎಂಬ ಷರತ್ತಿನ ಮೇಲೆ ರಾಜಿಯಾಯಿತು.

ಮಾತ್ರೆ ಪವಾಡವನ್ನೇನೂ ಮಾಡಲಿಲ್ಲ. ಮೂರು ವಾರ ಬಾಯಿ ಒಣಗಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಮಾತ್ರೆ ಬದಲಾಯಿತು. ಒಂದು ಮಂಗಳವಾರ ಹೋಗುವುದೇ ಬೇಡವೆಂದು ಮಲಗಿದ್ದವನನ್ನು ವಕೀಲರು ಹೊದಿಕೆ ಎಳೆದು ಎಬ್ಬಿಸಿದರು. ಏಳನೇ ವಾರವೋ ಎಂಟನೆಯದೋ, ವಕೀಲರ ಗೊರಕೆಗೆ ಅವನಿಗೆ ಸಿಟ್ಟು ಬಂತು. ಎಷ್ಟೋ ತಿಂಗಳಿಂದ ಯಾವುದಕ್ಕೂ ಸಿಟ್ಟು ಬಂದಿರಲಿಲ್ಲ. ಸಿಟ್ಟಿನ ಬೆನ್ನಿಗೇ ಹಸಿವೂ ಬಂತು. ಡಾಕ್ಟರಿಗೆ ಹೇಳಿದಾಗ ಅವಳು ಗೊರಕೆಯನ್ನು ಒಳ್ಳೆಯ ಸುದ್ದಿ ಎಂದು ಫೈಲಿನಲ್ಲಿ ಬರೆದುಕೊಂಡಳು.

ಆ ಭಾನುವಾರ ನರ್ಸಮ್ಮನ ಪರಿಚಯದ ಡ್ರೈಕ್ಲೀನರ್ ಅಂಗಡಿಯ ಫೋನಿನಿಂದ ತಂಗಿಗೆ ಮಾಡಿದ. ಅಲ್ಲಿ ಅವನಿಗೆ ರಫೂ ಮಾಡಲು ವಾರಕ್ಕೆ ಎರಡು ಕೋಟು ಕೊಡುತ್ತಿದ್ದರು, ಗಡುವು ಹಾಕುತ್ತಿರಲಿಲ್ಲ. ಈ ಸಲ ಅವನು ನಗಲಿಲ್ಲ. ರೂಮು ಇಲ್ಲ, ಇರಲೇ ಇಲ್ಲ, ನಾನು ಚೆನ್ನಾಗಿಲ್ಲ ಕಣೇ, ಆಸ್ಪತ್ರೆಗೆ ಹೋಗ್ತಿದ್ದೀನಿ, ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದ. ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದಾಯಿತು.

"ಗೊತ್ತಿತ್ತು ಕಣೋ" ಎಂದಳು ತಂಗಿ. "ಇಷ್ಟು ತಿಂಗಳೂ ಫೋನಲ್ಲಿ ನಗ್ತಾನೇ ಇದ್ದೆ. ಹುಟ್ಟಿದಾಗಿನಿಂದ ನೋಡಿದ್ದೀನಿ ನಿನ್ನ, ನೀನು ಯಾವತ್ತು ನಕ್ಕಿದ್ದೆ?"

ಆಮೇಲೆ, ಆಸ್ಪತ್ರೆ ಯಾವ ಬಸ್ಸಿನ ದಾರಿಯಲ್ಲಿದೆ ಎಂದು ಕೇಳಿದಳು. ಅವನು ಬಸ್ಸಿನ ನಂಬರು ಹೇಳಿದ. ಮಂಗಳವಾರ ಎಂದ. ಅವಳು ಅದನ್ನು ಬರೆದುಕೊಳ್ಳಲು ಪೆನ್ಸಿಲ್ ಹುಡುಕುತ್ತಾ, ಅವನು ಮಲಗುತ್ತಿದ್ದ ಆ ಬಚ್ಚಲಿನ ಓಣಿಯಲ್ಲಿ ಯಾರನ್ನೋ ಪಕ್ಕಕ್ಕೆ ಸರಿಯಿರಿ ಎಂದು ಗದರುವುದು ಅವನಿಗೆ ಕೇಳಿಸಿತು.