ಹೊಗೆ ಕಾಣದ ಮನೆ

"ಬೇಸಿಗೆ ಮನೆಯ ಬೀಗದ ಕೈ ಬಾಗಿಲ ಪಕ್ಕದ ಬಕೆಟ್ಟಿನ ಕೆಳಗಿದೆ. ಒಂದು ವಾರ ಇದ್ದು ಬನ್ನಿ. ನಾವ್ಯಾರೂ ಇರುವುದಿಲ್ಲ." ನಮ್ಮ ಮನೆಯವರು ಕೆಲಸ ಮಾಡುವ ಕಾರ್ಖಾನೆಯ ಸಾಹೇಬರು ಹೀಗೆ ಹೇಳಿ ನಗುನಗುತ್ತ ಹೋದರು. ತಾವಿಲ್ಲದ ಮನೆಗೆ ಯಾರಾದರೂ ಪರರನ್ನು ಕರೆಯುತ್ತಾರೆಯೇ? ನಮ್ಮ ಬೆಳಗಾವಿಯಲ್ಲಿ ಯಜಮಾನರಿಲ್ಲದ ಮನೆಯಲ್ಲಿ ಇರುವವನು ವಾಚ್‌ಮನ್, ಇಲ್ಲವೇ ಕಳ್ಳ.

ನಾವು ಫಿನ್‌ಲೆಂಡಿಗೆ ಬಂದು ಎರಡು ವರ್ಷವಾಗುತ್ತ ಬಂದಿತ್ತು. ನಮ್ಮ ಮನೆಯವರು ಬೆಳಗಾವಿಯ ಆಟೋ ನಗರದ ವರ್ಕ್‌ಶಾಪುಗಳಲ್ಲಿ ಲೇಥ್ ಮಷೀನು ನಡೆಸಿದವರು, ಇಲ್ಲಿಯ ಸಣ್ಣ ಊರೊಂದರಲ್ಲೂ ಅದೇ ಕೆಲಸ. ಕರಾರು ಈ ಬೇಸಿಗೆಗೆ ಮುಗಿಯುತ್ತಿತ್ತು. ಮುಂದುವರಿಸಿದರೆ ಇರುವುದು, ಇಲ್ಲವಾದರೆ ಗಂಟುಮೂಟೆ ಕಟ್ಟಿ ಮಹಾಂತೇಶ ನಗರದ ನಮ್ಮ ಮನೆಗೆ ಮರಳುವುದು. ಸಾಹೇಬರು ಅದರ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ರಜೆ ಮುಗಿಯಲಿ, ಮಾತಾಡೋಣ ಎಂದಿದ್ದರು ಅಷ್ಟೇ. ಸಾಹೇಬರು ಎಂದು ನಾನು ಬರೆಯುತ್ತೇನೆ. ಇಲ್ಲಿ ಎಲ್ಲರೂ ಅವರನ್ನು ಮಾರ್ಟಿ ಎಂದು ಹೆಸರು ಹಿಡಿದೇ ಕರೆಯುತ್ತಾರೆ. ಅದೂ ನನಗೆ ನಂಬಿಕೆ ಬರುವ ಸಂಗತಿಯಲ್ಲ.

"ಕೆಲಸದಿಂದ ತಗಿಯೂಕಿಂತ ಮೊದಲ ಒಂದ್ ಸಲ ಖುಷಿ ಮಾಡಿ ಕಳಸಾಕತ್ತಾರ್ರೀ," ಎಂದೆ.

"ನಿಂದೊಂದು. ಎಲ್ಲಾದ್ರಾಗೂ ಹುಳುಕ ಹುಡಕ್ತಿ," ಎಂದರು ಇವರು. ಆದರೆ ಆವತ್ತು ಅರ್ಧ ಊಟಕ್ಕೇ ಎದ್ದರು.

ಸರೋವರದ ದಂಡೆಯ ಬೇಸಿಗೆ ಮನೆಯನ್ನು ಇಲ್ಲಿಯವರು ಮೊಕ್ಕಿ ಎನ್ನುತ್ತಾರೆ. ಸಾಹೇಬರ ಮೊಕ್ಕಿ ಎಂದರೆ ಮರದ ಗೋಡೆ, ಎರಡು ಮಂಚ, ಒಂದು ಗ್ಯಾಸಿನ ಒಲೆ. ಕಾಡಿನ ಮಣ್ಣುದಾರಿಯಲ್ಲಿ ಬಹಳ ಹೊತ್ತು ಹೋದ ಮೇಲೆ ಸಿಕ್ಕಿತು. ನನ್ನ ತವರು ಖಾನಾಪುರ, ಕಾಡು ಹೊಸದಲ್ಲ. ಆದರೆ ನಮ್ಮ ತಾಲೂಕಿನ ಕಣಕುಂಬಿಯಲ್ಲಿ ಬಸ್ಸಿಳಿದು ನಿಂತರೆ ಸಾಕು, ಯಾರಾದರೊಬ್ಬರು ಕನ್ನಡದಲ್ಲೋ ಮರಾಠಿಯಲ್ಲೋ ಯಾರ ಮನೆಗೆ ಬಂದಿರಿ ಎಂದು ಕೇಳುತ್ತಾರೆ, ಆ ಮನೆಯ ತನಕ ಜೊತೆಗೂ ಬರುತ್ತಾರೆ, ದಾರಿಯುದ್ದಕ್ಕೂ ಆ ಮನೆಯವರ ಸುದ್ದಿಯನ್ನೆಲ್ಲ ಹೇಳಿ ಮುಗಿಸುತ್ತಾರೆ. ಇಲ್ಲಿ ಕೇಳುವ ನರಪಿಳ್ಳೆಯಿಲ್ಲ. ನೀರು, ಮರ, ಸೊಳ್ಳೆ. ಉತ್ತರದ ಬೇಸಿಗೆಯಲ್ಲಿ ಸೂರ್ಯನೂ ಸರಿಯಾಗಿ ಮುಳುಗುವುದಿಲ್ಲ, ಕತ್ತಲಾಯಿತೆಂದು ಮಲಗುವ ನೆವವೂ ಇಲ್ಲ. ನಾನು ಮೊದಲು ಗಡಿಯಾರದ ಹಿಂದೆ, ಕಪಾಟಿನ ಮೇಲೆ ಕ್ಯಾಮೆರಾ ಹುಡುಕಿದೆ. ಸಿಗಲಿಲ್ಲ. ಸಿಗದಿದ್ದುದಕ್ಕೆ ಅನುಮಾನ ಇನ್ನೂ ಹೆಚ್ಚಾಯಿತು.

ಮನೆಯ ಪಕ್ಕಕ್ಕೆ ಸೌನಾ ಇತ್ತು. ಕಟ್ಟಿಗೆ ಒಲೆಯ ಮೇಲೆ ಕಲ್ಲು ಕಾಯಿಸಿ, ನೀರು ಚಿಮುಕಿಸಿ, ಆ ಹಬೆಯಲ್ಲಿ ಕುಳಿತು ಬೆವರುವ ಕೋಣೆ. ಬಂದ ಸಂಜೆಯೇ ಇವರು ಹುರುಪಿನಿಂದ ಒಲೆ ಹೊತ್ತಿಸಿ ಒಳಗೆ ಹೋದರು. ಹೋದಷ್ಟೇ ಬೇಗ ಎದೆ ಹಿಡಿದುಕೊಂಡು ಹೊರಗೆ ಬಂದರು. ಕೊರಳಲ್ಲಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆ ಕಾದು, ಎದೆಯ ಮೇಲೆ ಬರೆ ಎದ್ದಿತ್ತು.

"ತಗದಿಟ್ಟು ಹೋಗಬೇಕಿತ್ತೇನ್ರೀ?" ಎಂದೆ, ಕೇಳಬಾರದೆಂದು ಗೊತ್ತಿದ್ದೂ.

"ಬೆವರೂ ಸಲುವಾಗಿ ಲಿಂಗಾ ಮೈಮ್ಯಾಲಿಂದ ತಗೀಲೇನು? ಬ್ಯಾಡ ಬಿಡು. ಜಳಕಕ್ಕ ಗ್ಯಾಸಿನ ಮ್ಯಾಲೆ ನೀರ ಕಾಸ್ಕೊಂಡ್ರ ಆತು."

ಸೌನಾದ ಬಾಗಿಲು ಹಾಕಿದೆವು. ಮತ್ತೆ ತೆರೆಯಲಿಲ್ಲ.

ಮರುದಿನ ಸಂಜೆ ಆಚೆ ದಂಡೆಯಿಂದ ದೋಣಿಯೊಂದು ಬಂತು. ಅದರಲ್ಲೊಬ್ಬ ಮುದುಕ. ನಮ್ಮ ಮನೆಯ ನೇರಕ್ಕೆ ಬಂದು ಹುಟ್ಟು ಹಾಕುವುದನ್ನು ನಿಲ್ಲಿಸಿ, ಛಾವಣಿಯತ್ತ ದಿಟ್ಟಿಸಿ ನೋಡಿದ. ಕೈ ಬೀಸಲಿಲ್ಲ, ಕೂಗಲಿಲ್ಲ. ದೋಣಿ ತಿರುಗಿಸಿಕೊಂಡು ಹೋದ. ಅದರ ಮರುದಿನವೂ ಹಾಗೆಯೇ.

"ಇಂವನ್ನ ನಿಮ್ಮ ಸಾಹೇಬ್ರ ಇಟ್ಟಾರ. ನಮ್ಮ ಮ್ಯಾಲೆ ಕಣ್ಣಿಡಾಕ."

"ಇಟ್ರ ಇಡ್ಲಿ. ನಾವೇನ್ ಕದ್ದೇವಿ?"

"ಹಂಗಾರ ನೀವ್ಯಾಕ ಪಡದೆ ಎಳದ್ರಿ?"

ಅಂದಿನಿಂದ ಪರದೆ ಎಳೆದುಕೊಂಡು, ಕಟ್ಟಿ ತಂದಿದ್ದ ಕಟಕ ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತ, ಪಿಸುಮಾತಿನಲ್ಲಿ ಜಗಳವಾಡುತ್ತ ಒಳಗೇ ಕುಳಿತೆವು. ಫೋನಿಗೆ ಸಿಗ್ನಲ್ ಸಿಗುತ್ತಿದ್ದುದು ಮನೆಯ ಹಿಂದಿನ ಬಂಡೆಯ ಮೇಲೆ ಮಾತ್ರ. ಮುದುಕ ಇಲ್ಲದ ಹೊತ್ತು ನೋಡಿ ಅಲ್ಲಿ ಹತ್ತಿ ಅವ್ವನಿಗೆ ಎಲ್ಲ ಹೇಳಿದೆ.

"ಕೆಲಸಾ ಹೋಗೂದು ಖರೇ ಅನಸ್ತೈತಿ ಅವ್ವಾ. ನಾಗರ ಪಂಚಮಿ ಹೊತ್ತಿಗೆ ಬಂದ್ರೂ ಬಂದೇವಿ."

"ಬರ್ರಿ, ಬರ್ರಿ," ಎಂದಳು ಅವ್ವ. "ಹಬ್ಬಕ್ಕ ತವರಿಗೆ ಬಂದು ಎಷ್ಟ್ ದಿನಾತು ನೀ."

ಐದಾರು ದಿನ ಕಳೆದಿರಬೇಕು. ಮಧ್ಯಾಹ್ನ ಕಾರಿನ ಸದ್ದಾಯಿತು. ಬಾಗಿಲು ತೆರೆದರೆ ಮಾರ್ಟಿ, ಮುಖ ಬಿಳಿಚಿಕೊಂಡಿದೆ. ಹಿಂದೆಯೇ ದಂಡೆಗೆ ದೋಣಿ ಕಟ್ಟಿ ಆ ಮುದುಕನೂ ಏರಿ ಬಂದ. ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ ಮಾರ್ಟಿ ಉಸ್ಸೆಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಮುದುಕನ ಹೆಸರು ವೇಯ್ಕೊ, ಆಚೆ ದಂಡೆಯ ನೆರೆಯವನು. ಮೊದಲ ಸಂಜೆಯ ನಂತರ ನಮ್ಮ ಸೌನಾದಿಂದ ಹೊಗೆಯೇ ಏಳಲಿಲ್ಲವಂತೆ. ಬೇಸಿಗೆಯಲ್ಲಿ, ಸರೋವರದ ದಂಡೆಯಲ್ಲಿ, ಜೀವವಿದ್ದವರು ಸೌನಾ ಕಾಯಿಸದೆ ಇರುವುದುಂಟೇ? ಮೇಲೆ ಪರದೆ ಬೇರೆ. ಒಳಗೆ ಏನೋ ಆಗಿದೆ ಎಂದು ಹೆದರಿ ಫೋನ್ ಮಾಡಿದ್ದಾನೆ.

"ಹಾಗಾದರೆ ಬಾಗಿಲು ಬಡಿಯಬಹುದಿತ್ತಲ್ಲ?" ಎಂದು ಕೇಳಿದೆ.

ಮಾರ್ಟಿ ನನ್ನನ್ನು ವಿಚಿತ್ರವಾಗಿ ನೋಡಿದರು. "ರಜೆಗೆ ಬಂದವರ ಬಾಗಿಲನ್ನು ಹೇಗೆ ಬಡಿಯುವುದು?"

ಇವರು ಅಂಗಿಯ ಗುಂಡಿ ಬಿಚ್ಚಿ ಕರಡಿಗೆಯನ್ನೂ ಬರೆಯನ್ನೂ ತೋರಿಸಿ ವಿವರಿಸಿದರು. ವೇಯ್ಕೊ ತಲೆಯಾಡಿಸಿ, ಕಾಗದದಲ್ಲಿ ಸುತ್ತಿದ ಮೀನೊಂದನ್ನು ನನ್ನ ಕೈಗಿಟ್ಟ. ಹುಟ್ಟಿದಾಗಿನಿಂದ ಮೀನು ಮುಟ್ಟದವಳು ನಾನು, ಆದರೂ ಬೇಡ ಎನ್ನಲು ಬಾಯಿ ಬರಲಿಲ್ಲ. ಇಷ್ಟು ದಿನ ಆ ಜೀವವನ್ನು ಬೈದದ್ದಕ್ಕೆ ನಾಚಿಕೆಯಾಯಿತು.

ಚಹಾ ಕುಡಿಯುತ್ತ ಮಾರ್ಟಿ ಇವರಿಗೆ ಹೇಳಿದರು, "ರಜೆ ಮುಗಿದ ಮೇಲೆ ಹೇಳೋಣವೆಂದಿದ್ದೆ. ನಿಮ್ಮ ಕೆಲಸ ಇನ್ನು ಕಾಯಂ."

ಇವರ ಕಣ್ಣು ತುಂಬಿ ಬಂತು. "ಕೇಳಿದೇನ? ಇನ್ನ ಯಾ ಚಿಂತಿನೂ ಇಲ್ಲ," ಎಂದು ನನ್ನತ್ತ ತಿರುಗಿದರು. ನಾನು ನಕ್ಕೆ. ಈ ಕೆಲಸ ಹೋಗಲಿ ಎಂದು ನಾನು ಒಳಗೊಳಗೇ ಹರಕೆ ಹೊತ್ತು ಕುಳಿತಿದ್ದೆ ಎಂಬುದು ಆಗ ನನಗೇ ತಿಳಿಯಿತು. ಇವರ ಮುಖ ನೋಡಿದರೆ ಸಂತೋಷ, ನನ್ನದು ನೆನೆದರೆ ಅಳು.

ಅವ್ವನಿಗೆ ಸುದ್ದಿ ಹೇಳಿ ಬರುತ್ತೇನೆಂದು ಬಂಡೆ ಹತ್ತಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಶುರು ಮಾಡಿದಳು.

"ನೀ ಬರ್ತಿ ಅಂತ ನಿಮ್ಮಣ್ಣ ಪಂಚಮಿ ಜೋಕಾಲಿ ಹಗ್ಗಾ ತಂದಿಟ್ಟಾನ ನೋಡು. ಏನಂದ್ರು ಸಾಹೇಬ್ರು?"

ಕೆಳಗೆ ಇವರು ಮಾರ್ಟಿಯ ಜೊತೆ ಜೋರಾಗಿ ನಗುತ್ತಿದ್ದರು. ಅವರಿಗೆ ಕೇಳದಂತೆ ದನಿ ತಗ್ಗಿಸಿದೆ.

"ಇನ್ನೂ ಏನೂ ಹೇಳಿಲ್ಲವ್ವಾ," ಎಂದೆ.