ಸೂಜಿಯಕ್ಕ ಸೆನ್ಸರ್ ಬದಲಿಸಿದ್ದು

ಸೂಜಿಯಕ್ಕನ ಮುಂದೆ ಯಾರಾದರೂ 'ಇದು ನಿಮ್ಮಿಂದ ಆಗಲ್ಲ' ಅಂದರೆ ಮುಗಿಯಿತು, ಆ ಕೆಲಸ ಆದ ಹಾಗೆಯೇ. ಹೊಲಿಗೆ ಕಲಿಯಲು ಹೋದಾಗ ಕಲಿಸುವವರು ಹಾಗಂದಿದ್ದರು. ಮೂರೇ ತಿಂಗಳಲ್ಲಿ ಅವಳು ಅವರ ಮೊಮ್ಮಗಳಿಗೇ ಫ್ರಾಕ್ ಹೊಲಿದುಕೊಟ್ಟು ಬಂದಳು. ನಲವತ್ತೆಂಟು ತುಂಬಿದ ಮೇಲೆ ಕಾರು ಕಲಿಯುತ್ತೇನೆ ಅಂದಾಗ ಸ್ವಂತ ಅಣ್ಣನೇ ಹೊಟ್ಟೆ ಹಿಡಿದುಕೊಂಡು ನಕ್ಕ. ಈಗ ಅವನಿಗೆ ಎಲ್ಲಿಗಾದರೂ ಹೋಗಬೇಕಾದರೆ ಫೋನ್ ಮಾಡುವುದು ತಂಗಿಗೇ.

ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಎರಡು ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಯ ತುಂಬ ದಾರದ ಉಂಡೆಗಳು. ತುಟಿಯ ನಡುವೆ ಎರಡು ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವುದರಿಂದ ಬೀದಿಯವರು ಅವಳಿಗೆ ಆ ಹೆಸರಿಟ್ಟರು. ಸೂಜಿ ತೆಗೆದಿಟ್ಟು ಮಾತಿಗೆ ನಿಂತಳೆಂದರೆ ಎದುರಿಗಿದ್ದವರು ಹುಷಾರಾಗಬೇಕು. ಆ ಮಿಷನ್ನುಗಳನ್ನು ಅವಳು ಇಷ್ಟು ವರ್ಷ ಯಾವ ರಿಪೇರಿಯವನ ಕೈಗೂ ಕೊಟ್ಟವಳಲ್ಲ. ಶನಿವಾರ ಬಂತೆಂದರೆ ಎಣ್ಣೆಯ ಡಬ್ಬಿ ಹಿಡಿದು ಎರಡಕ್ಕೂ ಮೂರು ಮೂರು ಹನಿ ಕುಡಿಸಬೇಕು. "ಎಣ್ಣೆ ಕಾಣದ ಮಿಷನ್ನು, ಊಟ ಕಾಣದ ಗಂಡ, ಎರಡೂ ಒಂದೇ ರಾಗದಲ್ಲಿ ಕಿರುಚ್ತವೆ" ಅನ್ನುವುದು ಅವಳ ಮಾತು.

ಗಂಡ ಪೇಂಟರ್. ಕಳೆದ ವರ್ಷ ಏಣಿಯಿಂದ ಬಿದ್ದು ಬಲಗಾಲು ಎರಡು ಕಡೆ ಮುರಿಯಿತು. ಮೂಳೆ ಕೂಡಿಕೊಂಡಿತು, ಆದರೆ ಪಾದ ಮಾತು ಕೇಳಲಿಲ್ಲ. ಕೆಳಗೆ ಒತ್ತು ಅಂದರೆ ಒತ್ತದು. ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: ಸೋಮವಾರ, ಬುಧವಾರ, ಶುಕ್ರವಾರ, ಇನ್ನು ಮೂರು ತಿಂಗಳು ಒಂದು ದಿನವೂ ತಪ್ಪಿಸದೆ ಬಂದರೆ ಕೋಲು ಬಿಟ್ಟು ನಡೆಯುತ್ತಾರೆ, ನಿಲ್ಲಿಸಿದರೆ ಪಾದ ಹಾಗೇ ಬಿಗಿದುಕೊಳ್ಳುತ್ತದೆ. ಕಾಲು ಚಾಚಿ ಕೂರಬೇಕಾದವನಿಗೆ ಬಸ್ಸು ಆಗದ ಮಾತು. ಮನೆಯ ಹಳೆಯ ಕಾರೇ ಗತಿ.

ಆ ಕಾರಿಗೂ ಅದೇ ಸಮಯಕ್ಕೆ ಕೇಡುಗಾಲ ಬರಬೇಕೇ? ಎಂಜಿನ್ ಬಿಸಿಯಾಗುವವರೆಗೆ ಚೆನ್ನಾಗಿ ಓಡುವುದು, ಆಮೇಲೆ ಹೇಳದೆ ಕೇಳದೆ ಆಫ್ ಆಗುವುದು, ಅರ್ಧ ಗಂಟೆ ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗುವುದು. ಎರಡನೆಯ ಸಲ ನಿಂತದ್ದು ನಾಲ್ಕು ರಸ್ತೆ ಕೂಡುವ ಜಾಗದಲ್ಲಿ. ಹಿಂದಿನವರೆಲ್ಲ ಹಾರ್ನ್ ಹೊಡೆದು ಕಿವಿ ಕಿತ್ತುಹಾಕಿದರು. ಯಾರೋ ಇಬ್ಬರು ಪುಣ್ಯಾತ್ಮರು ಬಂದು ಪೇಂಟರನ್ನು ಮೂಟೆ ಎತ್ತಿದ ಹಾಗೆ ಎತ್ತಿ ಫುಟ್‌ಪಾತಿನ ಮೇಲೆ ಕೂರಿಸಿದರು. ಮೂರು ಮಹಡಿ ಎತ್ತರದಲ್ಲಿ ಒಂಟಿ ಕೈಯಲ್ಲಿ ಬಣ್ಣದ ಡಬ್ಬ ಹಿಡಿದು ನಿಂತವನಿಗೆ ಅದು ಸಾವಿಗಿಂತ ಕಡೆ ಅನ್ನಿಸಿತು. ಮನೆಗೆ ಬಂದವನೇ ಹೇಳಿದ, "ನೋಡು, ಇನ್ನೊಂದೇ ಒಂದು ಸಲ ಈ ಗಾಡಿ ದಾರೀಲಿ ನಿಲ್ಲಲಿ, ಆಮೇಲೆ ನಾನು ಆ ಡಾಕ್ಟರಮ್ಮನ ಹತ್ರ ಬರಲ್ಲ. ಕಾಲು ಹೋದ್ರೆ ಹೋಯ್ತು. ಕಂಡಕಂಡವರ ಕೈಲಿ ಎತ್ತಿಸ್ಕೊಳ್ಳೋಕೆ ನನ್ನಿಂದ ಆಗಲ್ಲ."

ಅವನು ಒಮ್ಮೆ ಅಂದರೆ ಅಂದ. ಹಟದ ವಿಷಯದಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ ಥಾನಿನ ಬಟ್ಟೆ. ಶುಕ್ರವಾರ ಸೂಜಿಯಕ್ಕ ಆ ಒಂದು ದಿನದ ಮಟ್ಟಿಗೆ ಅಣ್ಣನಿಂದ ಹೇಗೋ ಒಂದು ಗಾಡಿ ಹೊಂದಿಸಿ ಗಂಡನನ್ನು ಕಳಿಸಿ, ತಾನು ಕಾರನ್ನು ನೇರ ಗ್ಯಾರೇಜಿಗೆ ಒಯ್ದಳು.

ಮೆಕ್ಯಾನಿಕ್ ಸ್ಟೇರಿಂಗಿನ ಕೆಳಗೆ ದೋಷ ಓದುವ ಅಂಗೈಯಗಲದ ಒಂದು ಪೆಟ್ಟಿಗೆ ಸಿಕ್ಕಿಸಿ ನೋಡಿದ. "ಕ್ರ್ಯಾಂಕ್ ಸೆನ್ಸರ್ ಅಕ್ಕ. ಎಂಜಿನ್ ತಿರುಗ್ತಾ ಇದೆ ಅಂತ ಗಾಡಿಯೊಳಗಿನ ಕಂಪ್ಯೂಟರಿಗೆ ಹೇಳೋದು ಇದೇ. ಬಿಸಿಯಾದ್ರೆ ಇದರ ಬಾಯಿ ಕಟ್ಟಿಹೋಗುತ್ತೆ. ಎಂಜಿನ್ ನಿಂತೇ ಹೋಯ್ತು ಅಂದ್ಕೊಂಡು ಕಂಪ್ಯೂಟರ್ ಎಲ್ಲ ಬಂದ್ ಮಾಡುತ್ತೆ."

"ಹಾಗಾದ್ರೆ ಹೊಸದು ಹಾಕಿಕೊಡಿ."

"ಹತ್ತು ದಿನ ಬೇಕು. ನೋಡಿ, ಹೊರಗೆ ಸಾಲು."

"ಹತ್ತು ದಿನ ನಂಗೆ ಇಲ್ಲಪ್ಪ. ನಾನೇ ಹಾಕ್ಕೊಂಡ್ರೆ?"

ಅವನು ನಕ್ಕ. "ಅಕ್ಕಾ, ಇದೇನು ಗುಂಡಿ ಹೊಲಿಯೋ ಕೆಲಸಾನಾ? ನಿಮ್ಮಿಂದ ಆಗಲ್ಲ."

ಅಯ್ಯೋ ಪಾಪ, ಅವನಿಗೇನು ಗೊತ್ತು!

ಶನಿವಾರ ಅವಳು ಬಿಡಿಭಾಗಗಳ ಅಂಗಡಿಯಲ್ಲಿದ್ದಳು. ಅಂಗಡಿಯವನು ಕತ್ತು ಎತ್ತದೆ, "ಯಜಮಾನ್ರನ್ನ ಕಳಿಸಿ ಅಮ್ಮ, ಅವರಿಗಾದ್ರೆ ಗೊತ್ತಾಗುತ್ತೆ" ಅಂದ. "ಯಜಮಾನ್ರು ಮನೇಲಿ ಕಾಲು ಚಾಚಿ ಕೂತಿದ್ದಾರೆ, ಯಜಮಾನಿ ಬಂದಿದ್ದೀನಿ, ಕೊಡಿ" ಅಂದಳು ಇವಳು. ಅವನು ಮೊದಲು ಕೊಟ್ಟದ್ದರ ಮೇಲಿನ ನಂಬರು ಇವಳು ಫೋನಿನಲ್ಲಿ ಹುಡುಕಿ ಬರೆದು ತಂದದ್ದಕ್ಕೆ ಹೊಂದಲಿಲ್ಲ. ಕೊನೆಯ ಒಂದೇ ಅಕ್ಷರ ಬೇರೆ. "ಪರವಾಗಿಲ್ಲ, ಕೂರುತ್ತೆ" ಅಂದ. ದಾರದ ಬಣ್ಣ ಕೂದಲೆಳೆಯಷ್ಟು ಬೇರೆಯಾದರೂ ಉಂಡೆ ವಾಪಸ್ ಕೊಡುವವಳ ಹತ್ತಿರ ಈ ಮಾತೇ? ಅವನು ಗೋದಾಮಿಗೆ ಹೋಗಿ ಸರಿಯಾದದ್ದನ್ನು ತರುವವರೆಗೆ ಅವಳು ಕೌಂಟರ್ ಬಿಟ್ಟು ಕದಲಲಿಲ್ಲ.

ಭಾನುವಾರ ಬೆಳಗ್ಗೆ ಕಾರಿನ ಪಕ್ಕ ಬಿಳಿ ಬಟ್ಟೆ ಹಾಸಿದಳು. ಪೇಂಟರ್ ಕುರ್ಚಿಯಲ್ಲಿ ಕೂತು ಫೋನು ಹಿಡಿದು, ಯಾರೋ ಬರೆದಿಟ್ಟ ವಿಧಾನವನ್ನು ಗಟ್ಟಿಯಾಗಿ ಓದಿದ. ಮೊದಲು ಬ್ಯಾಟರಿಯ ಕಪ್ಪು ತಂತಿ ಬಿಚ್ಚಿದ್ದಾಯಿತು. ಸೆನ್ಸರ್ ಇರುವುದು ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಸಂದಿಯಲ್ಲಿ, ಗಾಳಿ ಸೋಸುವ ಡಬ್ಬದ ಅಡಿಗೆ. ಹಾಗಾಗಿ ಡಬ್ಬ ತೆಗೆಯಬೇಕು, ಅದರ ದಪ್ಪ ಕೊಳವೆಯನ್ನೂ ತೆಗೆಯಬೇಕು. ಬಿಚ್ಚಿದ ಪ್ರತಿ ತಂತಿಯ ಪ್ಲಗ್ಗಿಗೂ ಅದರ ಜೋಡಿಗೂ ಬಟ್ಟೆಯ ಮೇಲೆ ಗುರುತು ಹಾಕುವ ಸೀಮೆಸುಣ್ಣದಿಂದ ಒಂದೇ ಗುರುತು ಹಾಕಿದಳು. ಬಿಚ್ಚಿದ ಕ್ರಮದಲ್ಲೇ ಬೋಲ್ಟುಗಳನ್ನು ಬಟ್ಟೆಯ ಮೇಲೆ ಸಾಲಾಗಿ ಇಟ್ಟಳು.

ಸೆನ್ಸರಿಗೆ ಇದ್ದದ್ದು ಒಂದೇ ಬೋಲ್ಟು, ಹತ್ತರ ಸ್ಪ್ಯಾನರಿಗೆ ಬಿಚ್ಚಿಕೊಂಡಿತು. ಆದರೆ ಸೆನ್ಸರ್ ಮಾತ್ರ ಅಂಟಿಕೊಂಡು ಕೂತಿತ್ತು.

"ಮೀಟು" ಅಂದ ಪೇಂಟರ್.

"ಮೀಟಿದ್ರೆ ಅರ್ಧ ಒಳಗೇ ಉಳಿಯುತ್ತೆ, ಸುಮ್ನೆ ಓದ್ರೀ ನೀವು."

ಎಡಕ್ಕೆ ಒಂಚೂರು, ಬಲಕ್ಕೆ ಒಂಚೂರು ತಿರುಗಿಸುತ್ತ ತಿರುಗಿಸುತ್ತ ಕಾಲು ಗಂಟೆಯಲ್ಲಿ ಅದನ್ನು ಹೊರಗೆ ತಂದಳು. ಹಳೆಯದು ಹೊಸದು ಪಕ್ಕಪಕ್ಕ ಹಿಡಿದು ನೋಡಿದರೆ ಅಚ್ಚು ಒಂದೇ. ಹೊಸದನ್ನು ಕೂರಿಸಿ, ಎಲ್ಲವನ್ನೂ ಕೊನೆಯಿಂದ ಮೊದಲಿಗೆ ಜೋಡಿಸಿ, ಒಬ್ಬಳೇ ನಲವತ್ತು ನಿಮಿಷ ಊರು ಸುತ್ತಿ ಬಂದಳು. ಕಾರು ಒಮ್ಮೆಯೂ ಕೆಮ್ಮಲಿಲ್ಲ. ಬರುವ ದಾರಿಯಲ್ಲಿ ಬೇಕೆಂದೇ ಗ್ಯಾರೇಜಿನ ಮುಂದೆ ಹಾದು ಹಾರ್ನ್ ಹೊಡೆದಳು. ಗ್ಯಾರೇಜಿಗೆ ಬೀಗ ಹಾಕಿತ್ತು, ಅದು ಬೇರೆ ಮಾತು.

ಅಲ್ಲಿಗೆ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಶನಿವಾರ ಅಂಗಡಿ ಸುತ್ತಿದ್ದರಿಂದ ಮಿಷನ್ನುಗಳಿಗೆ ಎಣ್ಣೆ ತಪ್ಪಿಹೋಗಿತ್ತಲ್ಲ, ಮಧ್ಯಾಹ್ನ ಊಟವಾದ ಮೇಲೆ ಆ ಕೆಲಸ ಮುಗಿಸಿದಳು. ಕೈಯಲ್ಲಿ ಡಬ್ಬಿ ಇದ್ದೇ ಇತ್ತು. ಬೆಳಗ್ಗೆ ಆ ದಪ್ಪ ಕೊಳವೆಯಲ್ಲಿ ಕಂಡ ಇನ್ನೊಂದು ಪುಟ್ಟ ಸೆನ್ಸರ್ ನೆನಪಾಯಿತು. ಒಳಗೆ ಹೋಗುವ ಗಾಳಿಯನ್ನು ಅಳೆಯುವಂಥದು, ಕೂದಲೆಳೆಯಂಥ ತಂತಿ, ಮೇಲೆ ಧೂಳು. ಪಾಪ, ಎಷ್ಟು ವರ್ಷದಿಂದ ಯಾರೂ ನೋಡಿಕೊಂಡಿಲ್ಲವೋ ಅನ್ನಿಸಿತು. ಎರಡು ಸ್ಕ್ರೂ ಬಿಚ್ಚಿ ಅದನ್ನು ಹೊರಗೆ ತೆಗೆದು, ಬಟ್ಟೆಯ ತುದಿಯಿಂದ ಒರೆಸಿ, ಪ್ರೀತಿಯಿಂದ ಒಂದು ಹನಿ ಎಣ್ಣೆ ಬಿಟ್ಟು ಮತ್ತೆ ಸಿಕ್ಕಿಸಿದಳು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಅಂದರೆ ಇದೇ.

ಸೋಮವಾರ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಕಾರು ಸ್ವಲ್ಪ ನಡುಗಿತು. ಚಳಿಗೆ ಇರಬೇಕು ಅಂದುಕೊಂಡಳು. ಪೇಂಟರ್ ಪಕ್ಕದ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದ. ಅರ್ಧ ದಾರಿಗೆ ಬರುವಷ್ಟರಲ್ಲಿ ಎಂಜಿನ್ ಒದ್ದಾಡತೊಡಗಿತು. ಆಕ್ಸಿಲರೇಟರ್ ತುಳಿದರೆ ಏದುಸಿರು, ಕಾಲು ತೆಗೆದರೆ ಸತ್ತೇ ಹೋಗುತ್ತಿತ್ತು. ಅಂಗಡಿಗಳ ಸಾಲೊಂದರ ಮುಂದೆ ಅದು ಪೂರ್ತಿ ನಿಂತುಬಿಟ್ಟಿತು.

ಪೇಂಟರ್ ಅವಳ ಕಡೆ ತಿರುಗಲೂ ಇಲ್ಲ. "ನಿಲ್ತು ತಾನೇ?" ಅಂದ. "ನಾನು ಏನು ಹೇಳಿದ್ದೆ, ನೆನಪಿದೆ ತಾನೇ?"

ಸೂಜಿಯಕ್ಕನಿಗೆ ಎಲ್ಲ ನೆನಪಿತ್ತು. ಮೂರು ತಿಂಗಳು ಅಂದಿದ್ದಳಲ್ಲ ಡಾಕ್ಟರಮ್ಮ, ಇಲ್ಲಿಗೇ ಎಲ್ಲ ಮುಗಿಯಿತೇ? ಹೊಸ ಸೆನ್ಸರಿನ ಮೇಲೆ ತಪ್ಪು ಹಾಕಬಹುದಿತ್ತು, ಅಂಗಡಿಯವನಿಗೆ ನಾಲ್ಕು ಬಯ್ಯಬಹುದಿತ್ತು. ಆದರೆ ಹೊಲಿಗೆ ತಪ್ಪಿದರೆ ಮಿಷನ್ನಿನಲ್ಲಿ ನೀನು ಕೊನೆಗೆ ಮುಟ್ಟಿದ್ದನ್ನು ಮೊದಲು ನೋಡು ಅನ್ನುವುದು ಅವಳು ಕಲಿಯಲು ಬಂದ ಹುಡುಗಿಯರಿಗೆಲ್ಲ ಹೇಳುವ ಪಾಠ. ಕೊನೆಗೆ ಮುಟ್ಟಿದ್ದು ಯಾವುದು? ಗೊತ್ತಾದ ಕೂಡಲೇ ನಾಲಿಗೆ ಕಚ್ಚಿಕೊಂಡಳು.

"ರೀ, ಗಾಡೀದು ತಪ್ಪಿಲ್ಲ. ನಂದು."

"ಏನು ಮಾಡ್ದೆ?"

"ಎಣ್ಣೆ ಹಾಕ್ದೆ."

"ಎಲ್ಲಿಗೆ?"

"ಗಾಳಿ ಅಳೆಯೋ ಸೆನ್ಸರಿಗೆ. ನಿನ್ನೆ ಮಧ್ಯಾಹ್ನ. ಒಂದೇ ಹನಿ."

ಪೇಂಟರ್ ಅವಳ ಮುಖವನ್ನೇ ನೋಡಿದ. ಬೈಗುಳ ಬಂತು ಅಂದುಕೊಂಡಳು. ಬಂದದ್ದು ನಗು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ. "ಅದೇನು ಹೊಲಿಗೆ ಮಿಷನ್ನೇನೇ, ಮಾರಾಯ್ತಿ!" ಅಂದ. ಏಣಿಯಿಂದ ಬಿದ್ದ ಮೇಲೆ ಅವನು ಹಾಗೆ ನಕ್ಕದ್ದು ಅದೇ ಮೊದಲು.

ಅವಳಿಗೆ ನಗು ಬರಲಿಲ್ಲ. ಬಾನೆಟ್ ಎತ್ತಿದಳು. ಎಣ್ಣೆ ಮೆತ್ತಿದ ಆ ತಂತಿ ಗಾಳಿಯ ಸುಳ್ಳು ಅಳತೆ ಹೇಳುತ್ತಿರಬೇಕು. ಸುಳ್ಳು ಅಳತೆ ಹೇಳುವ ಸೆನ್ಸರಿಗಿಂತ ಬಾಯಿ ಮುಚ್ಚಿಕೊಂಡ ಸೆನ್ಸರೇ ಮೇಲು, ಪ್ಲಗ್ ಕಿತ್ತರೆ ಎಂಜಿನ್ ಅಂದಾಜಿನ ಮೇಲೆ ಓಡುತ್ತದೆ ಎಂದು ಪೇಂಟರೇ ನಿನ್ನೆ ಕೊಳವೆ ಬಿಚ್ಚುವಾಗ ಫೋನಿನಿಂದ ಓದಿ ಹೇಳಿದ್ದ. ಆದರೆ ತಪ್ಪು ಇದರದೇ ಎಂದು ಖಾತ್ರಿಯಾಗಬೇಕಾದರೆ ಎಂಜಿನ್ ಓಡುತ್ತಿರುವಾಗಲೇ ಕಿತ್ತು ನೋಡಬೇಕು. ಒಬ್ಬರು ಆಕ್ಸಿಲರೇಟರ್ ತುಳಿದು ಅದನ್ನು ಬದುಕಿಸಿಕೊಂಡಿರಬೇಕು, ಇನ್ನೊಬ್ಬರು ಪ್ಲಗ್ ಕೀಳಬೇಕು. ಪಕ್ಕದ ಗಡಿಯಾರದ ಅಂಗಡಿಯವನು ಓಡಿಬಂದ. "ಸ್ವಲ್ಪ ಸ್ಟಾರ್ಟ್ ಮಾಡಿ ಕೊಡ್ತೀರಾ ಅಣ್ಣ?" ಅಂದಳು. "ನನಗೆ ಸೈಕಲ್ ಬಿಟ್ರೆ ಏನೂ ಬರಲ್ಲಮ್ಮ" ಅಂದ ಅವನು.

ಅಷ್ಟರಲ್ಲಿ ಆ ಕಡೆಯ ಬಾಗಿಲು ತೆರೆದ ಸದ್ದಾಯಿತು. ಪೇಂಟರ್ ಎರಡು ಕೈಯಲ್ಲೂ ಕಾರಿನ ಮೈಯನ್ನು ಹಿಡಿದುಕೊಂಡು ಹಿಂದಿನಿಂದ ಸುತ್ತಿಬರುತ್ತಿದ್ದ. ಗಡಿಯಾರದವನು ಎತ್ತಲು ಕೈಚಾಚಿದ. "ಮುಟ್ಬೇಡಿ" ಅಂದ ಪೇಂಟರ್. ಡ್ರೈವರ್ ಸೀಟಿನಲ್ಲಿ ಕೂತು, ಬಲಗಾಲನ್ನು ಕೈಯಿಂದ ಎತ್ತಿ ಆಕ್ಸಿಲರೇಟರಿನ ಮೇಲೆ ಇಟ್ಟುಕೊಂಡ. ಕೀಲಿ ತಿರುಗಿಸಿದ.

ಎಂಜಿನ್ ಹತ್ತಿತು, ಸಾಯಲು ಹೊರಟಿತು.

"ಒತ್ತ್ರೀ!" ಎಂದು ಸೂಜಿಯಕ್ಕ ಕಿರುಚಿದಳು. ಯಾವ ಕಾಲಿಗೆ ಹೇಳುತ್ತಿದ್ದೇನೆ ಎಂದು ಆ ಗಡಿಬಿಡಿಯಲ್ಲಿ ಅವಳಿಗೆ ಹೊಳೆಯಲೇ ಇಲ್ಲ.

ಸದ್ದು ಒಂಚೂರು ಏರಿತು. ಮತ್ತೆ ಇಳಿಯಿತು. ಆಮೇಲೆ ನಿಧಾನವಾಗಿ ಏರಿ ಅಲ್ಲೇ ನಿಂತಿತು. ಅವಳು ಪ್ಲಗ್ ಕಿತ್ತಳು. ಒದ್ದಾಟ ನಿಂತು ಎಂಜಿನ್ ಸಮನಾಗಿ ಓಡತೊಡಗಿತು. "ಇದೇ! ಇದರದೇ ಹಾವಳಿ!" ಎಂದು ಕೂಗಿ ತಲೆ ಎತ್ತಿದಳು. ಗಾಜಿನ ಹಿಂದೆ ಗಂಡನ ಹಣೆಯ ತುಂಬ ಬೆವರು, ಹಲ್ಲು ಕಚ್ಚಿದ್ದ, ಕಣ್ಣು ಕೆಳಗೆ ತನ್ನ ಪಾದದ ಮೇಲೆ ನೆಟ್ಟಿತ್ತು. ಎಂಜಿನ್ ಇನ್ನೊಂಚೂರು ಗಟ್ಟಿಯಾಗಿ ಕೂಗಿತು. ಈಗ ಅದರ ಅಗತ್ಯವೇ ಇರಲಿಲ್ಲ. ಅವನು ಸುಮ್ಮನೆ ಒತ್ತಿ ನೋಡುತ್ತಿದ್ದ.

ಸೂಜಿಯಕ್ಕನಿಗೆ ಅಳು ಬಂತು. ರಸ್ತೆಯಲ್ಲಿ ನಿಂತು, ಗಡಿಯಾರದವನು ನೋಡುತ್ತಿದ್ದಾನೆ ಎಂಬ ಪರಿವೆಯೂ ಇಲ್ಲದೆ ಅತ್ತಳು.

ಪ್ಲಗ್ ಕಿತ್ತ ಹಾಗೆಯೇ ಕಾರು ಓಡಿಸಿಕೊಂಡು ಡಾಕ್ಟರಮ್ಮನ ಬಳಿ ಮುಟ್ಟಿದಾಗ ಮುಕ್ಕಾಲು ಗಂಟೆ ತಡವಾಗಿತ್ತು. "ಮತ್ತೆ ಕಾರು ನಿಂತು ಹೋಯ್ತಾ?" ಅಂದಳು ಆಕೆ. ಸೂಜಿಯಕ್ಕ ಬಾಯಿ ತೆರೆಯುವ ಮೊದಲೇ ಪೇಂಟರ್ ಹಾಸಿಗೆಯ ಮೇಲೆ ಕಾಲು ಚಾಚಿಕೊಂಡು ಹೇಳಿದ, "ನಿಲ್ತು ಮೇಡಂ. ಬುಧವಾರ ಒಂದರ್ಧ ಗಂಟೆ ಮುಂಚೆ ಬರ್ಲಾ?"