ಹಗ್ಗದ ದಂಡೆಯ ತುದಿ

ನಮ್ಮೂರು ಬೆಣ್ಣಿಹಳ್ಳದ ದಂಡೆಯಲ್ಲಿದೆ. ಇಲ್ಲಿ ಒಂದು ಹನಿ ಬೀಳದಿದ್ದರೂ ಹಳ್ಳ ಬರುತ್ತದೆ. ಮೇಲೆ ಹುಬ್ಬಳ್ಳಿ ಕಡೆ ಸುರಿದ ಮಳೆ, ನಮ್ಮಲ್ಲಿ ಬಿಸಿಲಿರುವಾಗಲೇ ಹತ್ತಿ ಹೊಲಗಳಿಗೆ ನುಗ್ಗುತ್ತದೆ. ಹೊಲದಲ್ಲಿ ಸಿಕ್ಕಿಬಿದ್ದವರನ್ನು ಕರೆತರುವುದು ನಮ್ಮ ಕಾಕಾ ಮತ್ತು ಅವನ ಗೆಳೆಯರ ಕೆಲಸ. ಯಾರೂ ಒಪ್ಪಿಸಿದ್ದಲ್ಲ. ಟ್ರ್ಯಾಕ್ಟರಿನ ಹಳೆಯ ಟ್ಯೂಬುಗಳು, ಅವುಗಳ ಮೇಲೆ ಕಟ್ಟಿದ ಒಂದು ಹೊರಸು ಮಂಚ, ಉದ್ದನೆಯ ನೈಲಾನ್ ಹಗ್ಗ, ಇಷ್ಟೇ ಅವರ ಸರಂಜಾಮು. ಪ್ರತಿ ಸಲದ ದಿನಾಂಕವನ್ನು, ಬದುಕಿಸಿದವರ ಲೆಕ್ಕವನ್ನು ನಾನು ಬರೆದಿಡುತ್ತೇನೆ. ಹೋದ ವರ್ಷದವರೆಗೆ ಜನ ಮೂವತ್ತೊಂದು, ಎತ್ತು ನಾಲ್ಕು, ನಾಯಿ ಒಂದು. ಕೋಳಿಗಳನ್ನು ಬರೆದಿಲ್ಲ.

ಈ ಕೆಲಸಕ್ಕೆ ಒಂದು ಕಟ್ಟಳೆಯಿದೆ. ನೀರಿಗೆ ಇಳಿಯುವವನ ಸೊಂಟದ ಹಗ್ಗದ ಇನ್ನೊಂದು ತುದಿಯನ್ನು ದಂಡೆಯಲ್ಲಿ ಅವನ ಮನೆಯವರೇ ಹಿಡಿಯಬೇಕು. ಎಂಥ ಪೈಲವಾನನಿದ್ದರೂ ಹೊರಗಿನವನ ಕೈಗೆ ಕೊಡುವುದಿಲ್ಲ. ಅಂಗೈ ಸುಟ್ಟರೂ ಬಿಡದವರು ಮನೆಯವರು ಎಂಬ ನಂಬಿಕೆ. ಮನೆಯವರು ಬರದಿದ್ದರೆ ಅವನು ಅವತ್ತು ಇಳಿಯುವಂತಿಲ್ಲ. ಕಾಕಾನಿಗೆ ಮಕ್ಕಳಿಲ್ಲ. ಮೊದಲು ಹಿಡಿಯುತ್ತಿದ್ದ ಅಪ್ಪನ ಭುಜದ ಕೀಲು ಜಾರಿದ ಮೇಲೆ ಕಾಕಾನ ಹಗ್ಗ ನನ್ನ ಪಾಲಿಗೆ ಬಂತು.

ಹೋದ ವರ್ಷದ ಕೊನೆಯ ಸಲ ಜಾಲಿ ಮುಳ್ಳು ತಾಗಿ ಟ್ಯೂಬು ಒಡೆಯಿತು. ಕಾಕಾ ಕಣ್ಣಮುಂದೆಯೇ ಮುಳುಗಿದ. ಹಗ್ಗ ಜಗ್ಗಿ ದಂಡೆಗೆ ಎಳೆದೆ, ಬದುಕಿದ. ಆದರೆ ನನ್ನ ಅಂಗೈ ಸುಲಿದು ಎಷ್ಟೋ ದಿನ ರೊಟ್ಟಿ ಬಡಿಯಲಾಗಲಿಲ್ಲ.

ಈ ವರ್ಷ ಮಳೆಗಾಲಕ್ಕೆ ಮೊದಲು ನಡೆದ ಗ್ರಾಮಸಭೆಯಲ್ಲಿ, ಪಂಚಾಯಿತಿಗೆ ಹೊಸದಾಗಿ ಬಂದಿದ್ದ ಪಿಡಿಒ ಮೇಡಂ ಈ ಹಳ್ಳದ ಕೆಲಸದ ಮಾತು ತೆಗೆದರು. ರಬ್ಬರ್ ದೋಣಿಗೆ, ತೇಲುವ ಜಾಕೆಟ್‌ಗಳಿಗೆ ಸರಕಾರದ ಅನುದಾನ ಕೇಳಬಹುದು, ಸಭೆ ಒಪ್ಪಬೇಕು ಅಷ್ಟೆ. ಕಾಕಾ ಎದ್ದುನಿಂತ.

"ಬ್ಯಾಡ್ರಿ. ಇವತ್ತ ರೊಕ್ಕ ಕೊಡ್ತೀರಿ, ನಾಳೆ ನೀರಿಗಿ ಇಳಿಯಾಕ ಆರ್ಡರ್ ತಗೊಂಡ ಬಾ ಅಂತೀರಿ. ಆರ್ಡರ್ ಬರೂತನಕ ಹಳ್ಳ ನಿಂತಿರ್ತೈತೇನ್ರಿ?"

ಅದು ಸುಳ್ಳು ಭಯವಲ್ಲ. ಹಲವರು ತಲೆಯಾಡಿಸಿದರು. ಪಂಕ್ಚರ್ ಅಂಗಡಿಯ ಚಾಚಾ ಮಾತ್ರ ಕುಳಿತಲ್ಲಿಂದಲೇ ಅಂದ, "ಸರಕಾರ ಕೊಡೂದು ಬ್ಯಾಡ. ನಿನ್ನ ಟ್ಯೂಬಿಗಿ ಪುಕ್ಕಟ ಪಂಕ್ಚರ್ ಹಾಕಾಕ ನಾ ಅದೀನಲ್ಲ. ಅದರಾಗ ಈಗ ಟ್ಯೂಬಿಗಿಂತ ತ್ಯಾಪಿನ ಜಾಸ್ತಿ ಐತಿ ಲೇ."

ನಗೆ ನಿಲ್ಲುವ ಮೊದಲೇ ನಾನು ಎದ್ದಿದ್ದೆ. ಸಭೆಯಲ್ಲಿ ಮಾತಾಡಿದ್ದು ಅದೇ ಮೊದಲು.

"ಕಾಕಾ, ಹೋದ ವರ್ಷ ನೀ ಮುಳುಗಿದಾಗ ಹಗ್ಗ ಯಾರ ಕೈಯಾಗಿತ್ತು?"

"ನಿನ್ನ ಕೈಯಾಗ. ಯಾಕ?"

"ರೊಕ್ಕ ಬ್ಯಾಡ ಅನ್ನೂದು ನೀರಾಗ ಇಳಿಯೋರಷ್ಟ ಹೇಳೂ ಮಾತಲ್ಲ. ದಂಡಿಮ್ಯಾಲ ನಿಂತೋರದೂ ಐತಿ. ಜಾಕೆಟ್ ಇಲ್ಲದ ನೀ ಇಳಿಯೂದಾದ್ರ, ನಾ ಹಗ್ಗ ಹಿಡಿಯೂದಿಲ್ಲ."

ನನ್ನ ಹಿಂದೆ ಕುಳಿತ ಹೆಂಗಸರಲ್ಲಿ ಒಬ್ಬರು, "ನಾವೂ ಹಿಡಿಯೂದಿಲ್ಲ," ಅಂದರು. ಆಮೇಲೆ ಮತ್ತೊಬ್ಬರು. ಕಾಕಾ ಗೆಳೆಯರ ಮುಖ ನೋಡಿದ. ಅವರು ತಮ್ಮ ತಾಯಿ, ಹೆಂಡಿರ ಮುಖ ನೋಡುತ್ತಿದ್ದರು.

"ಈಗ ಇಳಿ ನೋಡೂಣು," ಎಂದ ಚಾಚಾ.

ಕಾಕಾ ಸೋತದ್ದು ಅಷ್ಟಕ್ಕೇ. ಮುಂದೆ ಚೌಕಾಸಿ ಮಾಡಿದ. ಸಾಮಾನು ಬೇಕು, ಪಗಾರ ಬೇಡ. ಇಳಿಯುವ ಮುಂಚೆ ಫೋನು ಮಾಡುತ್ತೇವೆ, ಅಪ್ಪಣೆ ಕೇಳುವುದಿಲ್ಲ. ಇದನ್ನೆಲ್ಲ ಠರಾವಿನಲ್ಲಿ ಬರೆಯಬೇಕು. ಮೇಡಂ ಬರೆಸಿದರು. ಆಗ ಇನ್ನೊಂದು ಸೇರಿಸಿದ. "ರೊಕ್ಕ ಕೊಟ್ಟೋರು ದಂಡಿಗೂ ಬರಬೇಕ್ರಿ. ಕಚೇರಿ ಬಿಟ್ಟ ಬರ್ತೀರೇನು?"

"ಹಳ್ಳ ಬಂದ ದಿನ ಕಚೇರಿಗಿ ಯಾರ್ ಬರ್ತಾರ್ರಿ," ಅಂದರು ಮೇಡಂ. "ನಾನ ಬರ್ತೀನಿ ಬಿಡ್ರಿ."

ದೋಣಿ ಬಂದದ್ದು ಆಗಸ್ಟಿನಲ್ಲಿ. ಹಳ್ಳ ಬಂದದ್ದು ಸೆಪ್ಟೆಂಬರಿನ ಒಂದು ಮುಂಜಾನೆ, ಸ್ವಚ್ಛ ಬಿಸಿಲಿನಲ್ಲಿ. ಹೊಲವೊಂದರಲ್ಲಿ ರಾತ್ರಿ ಕುರಿ ತರುಬಿ ತಂಗಿದ್ದ ಗಂಡ, ಹೆಂಡತಿ, ಮಗಳು ಮರಿಗಳೊಂದಿಗೆ ದಿಬ್ಬ ಏರಿ ನಿಂತಿದ್ದರು; ದೊಡ್ಡ ಕುರಿಗಳು ಮೊದಲೇ ಈಜಿ ಪಾರಾಗಿದ್ದವು. ಸುತ್ತ ಕೆಂಪು ನೀರು. ಕಾಕಾ ಕಿತ್ತಳೆ ಬಣ್ಣದ ಜಾಕೆಟನ್ನು ಧೋತರದ ಮೇಲೆಯೇ ಬಿಗಿದುಕೊಂಡ. "ಮದಿಮಗ ಆದಿ ನೋಡು," ಎಂದ ಚಾಚಾ.

ಅಷ್ಟರಲ್ಲಿ ಮೇಡಂ ಬಂದರು, ಬರಿಗಾಲಲ್ಲಿ. ಚಪ್ಪಲಿಗಳನ್ನು ಎರೆಮಣ್ಣು ದಾರಿಯಲ್ಲೇ ಇಟ್ಟುಕೊಂಡಿತ್ತು. ಕಾಕಾ ಅವರನ್ನೊಮ್ಮೆ ನೋಡಿದ. ನನ್ನ ಹಿಂದೆ ನೆಲದಲ್ಲಿ ಬಿದ್ದಿದ್ದ ಹಗ್ಗದ ತುದಿಯನ್ನು ಎತ್ತಿ ಅವರ ಕೈಗೆ ಕೊಟ್ಟ.

"ಹಿಡೀರಿ. ಇದನ್ನ ಮನಿಯವರಿಗಷ್ಟ ಕೊಡೂದು."

ದೋಣಿ ಹೊರಟಿತು. ಹಗ್ಗ ಬಿಗಿಯಾದಾಗ ಹಿಂದಿನಿಂದಲೂ ಒಂದು ಜಗ್ಗು ಇರುವುದು ನನ್ನ ತೋಳಿಗೆ ತಿಳಿಯಿತು. ಕುರಿಗಾರನ ಹೆಂಡತಿ ಮರಿಗಳನ್ನು ಬಿಟ್ಟು ಏರುವುದಿಲ್ಲವೆಂದು ಹಟ ಹಿಡಿದಳು. ಕಾಕಾ ಮರಿಗಳನ್ನೇ ಮೊದಲು ಏರಿಸಿದ. ಎರಡನೆಯ ಸಲ ತಾಯಿ, ಮಗಳು. ಮೂರನೆಯ ಸಲ ಕುರಿಗಾರ, ಕಾಕಾ. ನಡುವೆ ಸುಳಿಗೆ ಸಿಕ್ಕಿ ದೋಣಿ ಅಡ್ಡ ತಿರುಗಿತು, ಜಾಲಿ ಪೊದೆಗೆ ಬಡಿಯಿತು, ಕಾಕಾ ನೀರಿಗೆ ಬಿದ್ದ. ಅವನು ಮುಳುಗಲಿಲ್ಲ. ಕಿತ್ತಳೆ ಜಾಕೆಟ್ ಅವನ ಗದ್ದವನ್ನು ಎತ್ತಿ ಹಿಡಿದಿತ್ತು, ನೀರಿನ ಮೇಲಿಂದಲೇ ನಮ್ಮನ್ನು ಬೈಯುತ್ತಿದ್ದ.

"ಜಗ್ಗ್ರಲೇ, ಏನ್ ನೋಡಾಕ ನಿಂತೀರಿ?"

ಜಗ್ಗಿದೆವು; ಅವನು ಒಂದು ಕೈಯಲ್ಲಿ ದೋಣಿಯ ಅಂಚು ಹಿಡಿದೇ ಇದ್ದ. ದೋಣಿಯಲ್ಲಿದ್ದ ಕುರಿಗಾರನೂ ಅವನೂ ದಂಡೆ ಹತ್ತಿದರು. ಇಡೀ ಊರು ಕೇಕೆ ಹಾಕಿತು. ಮೇಡಂ ಹಗ್ಗ ಬಿಡದೆ ತಮ್ಮ ಕೆಂಪಾದ ಅಂಗೈ ನೋಡಿಕೊಂಡರು.

"ಒಂದ ವಾರ ರೊಟ್ಟಿ ಬಡಿಯಾಕ ಆಗೂದಿಲ್ರಿ," ಅಂದೆ.

"ನಮ್ಮ ಮನ್ಯಾಗ ಯಜಮಾನ್ರ ಬಡೀಲಿ," ಅಂದರು.

ಆ ಸಂಜೆ ಬರೆದೆ: ಜನ ಮೂವತ್ತನಾಲ್ಕು. ಕುರಿಮರಿಗಳನ್ನೂ ಈ ಸಲ ಬಿಡಲಿಲ್ಲ.